ಹೆಸರು ತಿಳಿಯದ ಹಿರಿಯರು

ತನ್ನ ಹುಟ್ಟಿನ ಮೂಲವನ್ನು ಅರಿಯಬೇಕೆಂಬ ಅಪೇಕ್ಷೆಯು ಮನುಷ್ಯನಿಗೆ ಸಹಜವಾದುದು. ಹೊಳೆಯ ದಡದಲ್ಲಿ ನಿಂತ ಬಾಲಕನೂ ಈ ನೀರು ಎಲ್ಲಿಂದ ಬರುವುದೆಂದು ಕೇಳದೆ ಇರನು. ಈಚೆಗೆ ನಮ್ಮ ಜಿಲ್ಲೆಯ ಅನೇಕ ಮನೆಗಳಲ್ಲಿ ತರುಣರು ತಮ್ಮ ತಮ್ಮ ವಂಶವೃಕ್ಷಗಳನ್ನು ಬರೆಯತೊಡಗಿರುವುದು ಸಂತೋಷದ ಸಂಗತಿ. ಮದುವೆ, ಷಷ್ಟ್ಯಬ್ದಪೂರ್ತಿ ಮುಂತಾದ ಸಂದರ್ಭಗಳಲ್ಲಿ ಅಂತಹ ವೃಕ್ಷಗಳನ್ನು ಅಚ್ಚು ಹಾಕಿಸಿ ಬಂಧುಗಳಿಗೆ ಹಂಚುವ ರೂಢಿಯೂ ಬಂದಿದೆ. ಆದರೆ ಈ ಕಾರ್ಯಕ್ಕೆ ಕೈಯಿಕ್ಕಿದವರು ಬಹುಮಟ್ಟಿಗೆ ಎಲ್ಲರೂ ಒಂದು ಸ್ಥಳಕ್ಕೆ ಬಂದು ನಿಲ್ಲುವರು. ತಂದೆ, ಅಜ್ಜ, ಮುತ್ತಜ್ಜ, ಹೆಚ್ಚೆಂದರೆ ಮುತ್ತಜ್ಜನ ತಂದೆ, ಅಲ್ಲಿಂದಾಚೆಗೆ ಹೆಸರಿಲ್ಲ. ಮನೆಯ ಹಿರಿಯರನ್ನು ಕೇಳಿದರೆ "ಎಲ್ಲಿಂದಲೋ ಬಂದವರಂತೆ" ಎಂಬ ಒಂದು ಮಾತು ದೊರೆಯುವುದೇ ಹೊರತು ಬೇರೆ ಏನೂ ದೊರೆಯದು. ಎಳೆಯು ಅಲ್ಲಿ ಕಡಿದುಹೋಗಿರುತ್ತದೆ.

ಈ ಸ್ಥಳದಲ್ಲಿ ಎರಡು ಪ್ರಶ್ನೆಗಳು ಹುಟ್ಟುವುವು. ಕಡಿದ ಎಳೆಯನ್ನು ಮತ್ತೆ ಹಿಡಿಯುವುದು ಹೇಗೆ ಎಂಬುದು ಮೊದಲನೆಯದು. ಇದು ಉಪಾಯದ ಪ್ರಶ್ನೆ. ಎಷ್ಟು ಪ್ರಯತ್ನಿಸಿದರೂ ಎಳೆಯು ಸಿಕ್ಕದೆ ಹೋದರೆ ನಾವು ಏನು ಬರೆಯತಕ್ಕದ್ದು ಎಂಬುದು ಎರಡನೆಯದು. ಇದು ಧರ್ಮದ ಪ್ರಶ್ನೆ. ಮೊದಲನೆಯದಕ್ಕೆ ಉತ್ತರವನ್ನು ಅರಸುವವರು ಬಹಳ, ಎರಡನೆಯದನ್ನು ಯೋಚಿಸುವವರು ಕಡಮೆ. ಆದರೆ ಇವೆರಡೂ ಒಂದಕ್ಕೊಂದು ಹೆಣೆದುಕೊಂಡಿವೆಯೆಂಬುದನ್ನು ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಎಳೆಯು ಕಡಿಯುವುದಕ್ಕೆ ಕಾರಣಗಳನ್ನು ಮೊದಲು ವಿಚಾರಿಸೋಣ. ನಮ್ಮ ಆಚಾರವೇ ಒಂದು ಕಾರಣ. ಶ್ರಾದ್ಧದಲ್ಲಿ ಹೆಸರು ಹಿಡಿದು ಪಿಂಡವನ್ನಿಡುವುದು ಪಿತೃ, ಪಿತಾಮಹ, ಪ್ರಪಿತಾಮಹ ಎಂಬ ಮೂವರಿಗೆ. ಹೊಸಬನೊಬ್ಬನು ಈ ಸಾಲಿಗೆ ಸೇರಿದೊಡನೆ ಮೇಲಿನವನೊಬ್ಬನು ಹೆಸರಿನ ಸಾಲನ್ನು ಬಿಟ್ಟು ತೆರಳುವನು. ಹೀಗೆ ನಾಲಿಗೆಯ ಮೇಲೆ ಉಳಿಯುವುದು ಮೂರೇ ಹೆಸರು. ಸಾಪಿಂಡ್ಯವು ಏಳನೆಯ ತಲೆಗೆ ಮುಗಿಯುವುದೆಂದೂ, ಸಮಾನೋದಕಭಾವವು ಹುಟ್ಟೂ ಹೆಸರೂ ತಿಳಿಯದಾದಾಗ ಮುಗಿಯುವುದೆಂದೂ ಮನುವು ವಿಧಿಸಿದ್ದಾನೆ. ಎಂದರೆ ಮರವೆಯೆಂಬುದೊಂದು ಉಂಟೆಂದು ಧರ್ಮಶಾಸ್ತ್ರವೇ ಒಪ್ಪಿ, ಅದಕ್ಕೆ ಒಂದು ಎಲ್ಲೆಯನ್ನೂ ಗುರುತಿಸಿದಂತಾಯಿತು.

ಎರಡನೆಯ ಕಾರಣವು ಉತ್ಪಾತಗಳು. ಮೈಸೂರು ಸೀಮೆಯ ಮನೆತನಗಳ ಚರಿತ್ರೆಯನ್ನು ಹುಡುಕುವವನು ಧಾತು ಈಶ್ವರ ಸಂವತ್ಸರಗಳ ಬರದ ಬಳಿಗೆ ಬಂದು ನಿಲ್ಲುವುದು ಸಾಮಾನ್ಯ. ೧೮೭೬ರಿಂದ ೧೮೭೮ರವರೆಗೆ ಈ ನಾಡನ್ನು ಸುಟ್ಟ ಆ ಕ್ಷಾಮದ ಪರಿಣಾಮವು ಜನಗಣತಿಯ ಅಂಕಿಗಳಲ್ಲಿ ಇಂದಿಗೂ ಕಾಣುವುದು. ೧೮೭೧ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯು ೫೦ ಲಕ್ಷವನ್ನು ಮೀರಿದ್ದಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಆ ಸಂಖ್ಯೆಯು ೧೮೮೧ರಲ್ಲಿ ೪೨ ಲಕ್ಷಕ್ಕಿಂತಲೂ ಕೆಳಗಿಳಿದಿದ್ದಿತು. ಸತ್ತವರ ಹೆಸರನ್ನು ಹೇಳಲು ಬದುಕಿದವರಿಲ್ಲದೆ ಹೋದ ಮನೆಗಳೆಷ್ಟೋ, ಊರು ಬಿಟ್ಟು ಅನ್ನವಿದ್ದ ಕಡೆಗೆ ನಡೆದವರೆಷ್ಟೋ. ಆ ಬಳಿಕ ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ೧೯೧೮ರಲ್ಲಿ ಇನ್‌ಫ್ಲುಯೆಂಜಾ ಜ್ವರವು ಬಂದಿತು. ಮನೆಯ ಕಥೆಯನ್ನು ಬಲ್ಲ ಎಷ್ಟೋ ಜನರು ಇವುಗಳಲ್ಲಿ ಹೋದರು.

ಮೂರನೆಯ ಕಾರಣವು ಬರವಣಿಗೆಯ ಸಾಧನಗಳು. ತಾಳೆಯ ಗರಿಯನ್ನು ಗೆದ್ದಲು ತಿಂದಿತು. ಕಪ್ಪು ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆದುದನ್ನು ಒರಸಿ ಮತ್ತೆ ಬರೆಯುವುದು ಸುಲಭವಾಗಿದ್ದಿತು. ಆದಕಾರಣ ಒಂದು ಲೆಕ್ಕದ ಮೇಲೆ ಇನ್ನೊಂದು ಲೆಕ್ಕವು ಕುಳಿತು ಮೊದಲನೆಯದು ಮಾಯವಾಯಿತು. ವಂಶಪಾರಂಪರ್ಯವಾಗಿದ್ದ ಶಾನುಭೋಗಿಕೆ, ಪಟೇಲಿಕೆಗಳು ೧೯೬೧ರ ಕಾನೂನಿನಿಂದ ರದ್ದಾದ ಮೇಲೆ ಹಲವು ಮನೆಗಳಲ್ಲಿದ್ದ ಹಳೆಯ ಪುಸ್ತಕಗಳಿಗೆ ವಾರಸುದಾರರು ಇಲ್ಲವಾದರು. ಅವುಗಳಲ್ಲಿ ಕೆಲವು ಸರಕಾರದ ಕಚೇರಿಗೆ ಸೇರಿದುವು, ಕೆಲವು ಅಟ್ಟದಲ್ಲಿ ಉಳಿದುವು, ಕೆಲವು ಒಲೆಗೆ ಹೋದುವು.

ಇವುಗಳ ಮೇಲೆ ಹೆಸರಿನ ತೊಡಕೂ ಕಾಲದ ತೊಡಕೂ ಇವೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಒಂದೇ ಮನೆಯಲ್ಲಿ ಸುಬ್ಬಯ್ಯನ ಮಗ ರಾಮಯ್ಯ, ರಾಮಯ್ಯನ ಮಗ ಸುಬ್ಬಯ್ಯ ಎಂದು ಎರಡೇ ಹೆಸರು ನೂರೈವತ್ತು ವರ್ಷ ಸುತ್ತುವುದುಂಟು. ಹಳೆಯ ಪತ್ರಗಳಲ್ಲಿ ಬಹಳ ಕಡೆ ಶಕವರ್ಷವಿರದೆ ಸಂವತ್ಸರದ ಹೆಸರು ಮಾತ್ರ ಇರುವುದು. ಸಂವತ್ಸರಚಕ್ರವಾದರೋ ಅರವತ್ತು ವರ್ಷಕ್ಕೊಮ್ಮೆ ಮರಳುವುದು. ಬರಿಯ "ಧಾತು" ಎಂದು ಬರೆದಿದ್ದರೆ ಅದು ೧೮೧೬ನೆಯ ಇಸವಿಯೋ ೧೮೭೬ನೆಯದೋ ೧೯೩೬ನೆಯದೋ ಹೇಳಲಾಗದು.

ಹೀಗಿರುವಲ್ಲಿ ಉಪಾಯವೇನು? ಬಾಗಿಲು ಮುಚ್ಚಿದ ಮನೆಯ ಮುಂದೆ ನಿಂತು ಕದವನ್ನೇ ಬಡಿಯುತ್ತಿರುವುದರಿಂದ ಪ್ರಯೋಜನವಿಲ್ಲ. ನೆರೆಮನೆಯಲ್ಲಿ ವಿಚಾರಿಸಬೇಕು, ಹಿತ್ತಿಲ ಕಡೆಗೆ ಹೋಗಿ ನೋಡಬೇಕು. ತಂದೆಯ ತಂದೆಯ ತಂದೆಯೆಂದು ಮೇಲುಮುಖವಾಗಿಯೇ ಹೋಗಬೇಕೆಂಬ ಹಟವನ್ನು ಬಿಟ್ಟವನಿಗೆ ಅನೇಕ ದಾರಿಗಳು ತೆರೆಯುವುವು.

ಅವುಗಳಲ್ಲಿ ಮೊದಲನೆಯದು ತಾಯಂದಿರ ದಾರಿ. ಅಚ್ಚಾದ ವಂಶವೃಕ್ಷಗಳಲ್ಲಿ ಹೆಂಗಸರ ಹೆಸರು ಬಹುಶಃ ಇರುವುದಿಲ್ಲ. ಆದರೆ ನಮ್ಮ ಶ್ರಾದ್ಧಕರ್ಮವು ಈ ವಿಷಯದಲ್ಲಿ ನಮಗಿಂತ ಉದಾರವಾಗಿದೆ. ಅದು ತಾಯಿ, ಪಿತಾಮಹಿ, ಪ್ರಪಿತಾಮಹಿಯರನ್ನು ಹೆಸರಿಸುವುದು. ಮಾತಾಮಹನ ಸಾಲನ್ನೂ ಹೆಸರಿಸುವುದು. ಮಹಾಲಯದಲ್ಲಿಯಂತೂ ಸೋದರಮಾವ, ಅತ್ತೆ, ಅಕ್ಕತಂಗಿಯರು, ಗುರು, ಮಿತ್ರರವರೆಗೆ ಸ್ಮರಣೆಯು ಹರಡುವುದು. ಪುರೋಹಿತರ ಮನೆಯಲ್ಲಿರುವ ಮಹಾಲಯದ ಪಟ್ಟಿಯ ಒಂದು ಹಾಳೆಯಲ್ಲಿ ವಂಶವೃಕ್ಷದ ಹತ್ತು ಹಾಳೆಗಳಲ್ಲಿ ಇಲ್ಲದ ಸಂಗತಿಯು ಇರಬಹುದು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಕುಟುಂಬವು ಹೆಣ್ಣಿನಿಂದಲೇ ಎಣಿಕೆಯಾಗುವುದರಿಂದ, ಅಲ್ಲಿ ತಂದೆಯ ಎಳೆಯನ್ನು ಮಾತ್ರ ಹಿಡಿದು ಹೊರಟವನು ಮನೆಯ ಹೊಸ್ತಿಲಲ್ಲಿಯೇ ದಾರಿ ತಪ್ಪುವನು.

ಎರಡನೆಯದು ಭೂಮಿಯ ದಾರಿ. ಮನುಷ್ಯನು ಹೋದರೂ ಹೊಲವು ಇದ್ದಲ್ಲಿಯೇ ಇರುವುದು. ಇನಾಮಿನ ದಾಖಲೆಗಳು, ಕಂದಾಯದ ಲೆಕ್ಕಗಳು, ಕ್ರಯಪತ್ರದಲ್ಲಿ ಸಾಕ್ಷಿ ಹಾಕಿದ ನೆರೆಯವರ ಹೆಸರುಗಳು, ಇವೆಲ್ಲವನ್ನೂ ನೋಡಬೇಕು. ಬಿ. ಎಲ್. ರೈಸ್ ಅವರು ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಶಾಸನಗಳನ್ನು ತಾಲ್ಲೂಕುವಾರಾಗಿ ಜೋಡಿಸಿರುವುದರಿಂದ ತಮ್ಮ ಊರಿನ ಶಾಸನವನ್ನು ಹುಡುಕುವುದು ಕಷ್ಟವಲ್ಲ. ಕರ್ನಲ್ ಮೆಕೆಂಜಿಯು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಊರೂರುಗಳಿಂದ ಬರೆಯಿಸಿ ತರಿಸಿದ ಕೈಫಿಯತ್ತುಗಳೂ ಅಚ್ಚಾಗಿವೆ. ಇನ್ನು ಗೇಣಿದಾರರ ಮನೆತನಗಳಿಗೆ, ೧೯೭೪ರ ಭೂಸುಧಾರಣೆಯ ಕಾಲದಲ್ಲಿ ಭೂನ್ಯಾಯ ಮಂಡಳಿಗಳ ಮುಂದೆ ಸಲ್ಲಿಸಿದ ಅರ್ಜಿಗಳೂ ಹೇಳಿಕೆಗಳೂ ಬಹಳ ಬೆಲೆಯುಳ್ಳವು. ತಾತನ ಕಾಲದಿಂದ ಯಾರು ಯಾವ ಹೊಲವನ್ನು ಉಳುತ್ತಿದ್ದರೆಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡ ಸಂದರ್ಭವದು.

ಮೂರನೆಯದು ಬಾಯಿಪಾಠದ ದಾರಿ. ಎತ್ತಿನ ಮೇಲೆ ಕುಳಿತು, ಗಂಟೆಯನ್ನು ಬಾರಿಸುತ್ತ ಸುಗ್ಗಿಯ ಬಳಿಕ ಮನೆಮನೆಗೆ ಬರುವ ಹೆಳವರನ್ನು ನಮ್ಮ ಹಿರಿಯರೆಲ್ಲರೂ ಬಲ್ಲರು. ಒಕ್ಕಲು ಮನೆತನಗಳ ಹಿರಿಯರ ಹೆಸರುಗಳನ್ನು, ಅವರು ಯಾವ ಊರಿನಿಂದ ಹೊರಟು ಯಾವ ಊರಿಗೆ ಬಂದರೆಂಬುದನ್ನು ಹೇಳಿ, ಕಾಳನ್ನೋ ದನಕರುವನ್ನೋ ಕಾಣಿಕೆಯಾಗಿ ಪಡೆಯುವುದು ಅವರ ವೃತ್ತಿ. ಅವರನ್ನು ಭಿಕ್ಷುಕರೆಂದು ಬಾಗಿಲಿನಿಂದಲೇ ಕಳುಹಿಸಿದ ಮನೆಯು ತನ್ನ ಚರಿತ್ರೆಯನ್ನೇ ಬಾಗಿಲಿನಿಂದ ಕಳುಹಿಸಿದಂತೆ. ಹಾಗೆಯೇ ಹರಿದ್ವಾರ, ಪ್ರಯಾಗ, ಗಯೆಗಳ ತೀರ್ಥಪುರೋಹಿತರು ಯಾತ್ರಿಕರ ಊರು, ಹೆಸರು, ಜೊತೆಗೆ ಬಂದವರ ಹೆಸರುಗಳನ್ನು ತಮ್ಮ ವಹಿಗಳಲ್ಲಿ ಬರೆಯಿಸಿಕೊಂಡಿರುವರು. ಮನೆಯಲ್ಲಿ ಗಂಗೆಯ ತಾಲಿಯಿದ್ದರೆ, ಅದನ್ನು ತಂದವರ ಕೈಬರಹವು ಅಂತಹ ಒಂದು ವಹಿಯಲ್ಲಿ ಇರುವ ಸಂಭವವುಂಟು.

ಕಾಲದ ತೊಡಕನ್ನು ಬಿಡಿಸುವುದಕ್ಕೂ ಉಪಾಯವಿದೆ. ಪತ್ರದಲ್ಲಿ ಸಂವತ್ಸರದೊಡನೆ ಮಾಸ, ತಿಥಿ, ವಾರಗಳು ಇದ್ದರೆ, ಅರವತ್ತು ವರ್ಷಗಳ ಅಂತರದ ಎರಡು ಮೂರು ಇಸವಿಗಳಲ್ಲಿ ಆ ತಿಥಿಗೆ ಆ ವಾರವು ಕೂಡಿಬರುವುದು ಸಾಮಾನ್ಯವಾಗಿ ಒಂದರಲ್ಲಿಯೇ. ೧೮೯೬ರಲ್ಲಿ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ಪ್ರಕಟಿಸಿದ ಕೋಷ್ಟಕಗಳಿಂದ ಇದನ್ನು ಗಣಿಸಬಹುದು. ಈಗಂತೂ ಗಣಕಯಂತ್ರವು ಕ್ಷಣಾರ್ಧದಲ್ಲಿ ಹೇಳುವುದು. ಆದರೆ ಶಾಲೆಯ ದಾಖಲಾತಿ ಪುಸ್ತಕದಲ್ಲಿರುವ ಜನ್ಮದಿನವನ್ನು ವೇದವಾಕ್ಯವೆಂದು ನಂಬಬಾರದು. ಮಗುವನ್ನು ಕರೆತಂದವರಿಗೆ ದಿನವು ತಿಳಿಯದಿದ್ದಾಗ ವಯಸ್ಸನ್ನು ಅಂದಾಜು ಮಾಡಿ ಒಂದು ದಿನವನ್ನು ಬರೆಯುವುದು ಹಳ್ಳಿಯ ಶಾಲೆಗಳಲ್ಲಿ ವಾಡಿಕೆಯಾಗಿದ್ದುದನ್ನು ಉಪಾಧ್ಯಾಯವೃತ್ತಿಯಲ್ಲಿದ್ದವರೆಲ್ಲರೂ ಬಲ್ಲರು.

ಇಷ್ಟು ಉಪಾಯಗಳನ್ನು ಹೇಳಿದ ಮೇಲೆ ಪ್ರಮಾಣದ ವಿಷಯದಲ್ಲಿ ಒಂದೆರಡು ಮಾತುಗಳು ಅವಶ್ಯ. ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಭಾಟ್ಟ ಮೀಮಾಂಸಕರೂ ಅದ್ವೈತ ವೇದಾಂತಿಗಳೂ ಒಂದು ಪ್ರಮಾಣವೆಂದು ಎಣಿಸುವರು. ಆದರೆ ಎಲ್ಲ ಕಾಣದಿರುವಿಕೆಯೂ ಪ್ರಮಾಣವಾಗದು. ಯೋಗ್ಯಾನುಪಲಬ್ಧಿಯು ಮಾತ್ರ ಪ್ರಮಾಣ. ಬೆಳಕಿರುವ ಕೋಣೆಯಲ್ಲಿ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆಂದು ಹೇಳಬಹುದು. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳಲಾಗದು. ಇದ್ದಿದ್ದರೆ ಕಂಡೇ ತೀರಬೇಕಾಗಿದ್ದ ವಸ್ತುವು ಕಾಣದಿದ್ದಾಗ ಮಾತ್ರ ಅದರ ಅಭಾವವು ಸಿದ್ಧವಾಗುವುದು. ಇನಾಮು ಭೂಮಿಯನ್ನು ಅನುಭವಿಸಿದೆವೆನ್ನುವ ಮನೆತನದ ಹೆಸರು ಇಡಿಯಾಗಿ ಉಳಿದಿರುವ ಇನಾಮಿನ ದಾಖಲೆಯಲ್ಲಿ ಇಲ್ಲದಿದ್ದರೆ ಆ ಹೇಳಿಕೆಗೆ ಅದು ಬಾಧಕ. ಆದರೆ ಆ ಭೂಮಿಯಲ್ಲಿ ದುಡಿದ ಆಳಿನ ಹೆಸರು ಅಲ್ಲಿ ಇಲ್ಲದಿರುವುದು ಯಾವುದಕ್ಕೂ ಪ್ರಮಾಣವಲ್ಲ. ಅವನ ಹೆಸರನ್ನು ಅಲ್ಲಿ ಬರೆಯುವ ಪದ್ಧತಿಯೇ ಇರಲಿಲ್ಲ. ಹಾಗೆಯೇ ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತನು ದಪ್ಪಗಿದ್ದರೆ ರಾತ್ರಿ ಉಣ್ಣುವನೆಂದು ಊಹಿಸಲೇಬೇಕು; ಏಕೆಂದರೆ ಬೇರೆ ರೀತಿಯಿಂದ ಅದು ಹೊಂದದು. ಬೇರೆ ರೀತಿಯಿಂದಲೂ ಹೊಂದುವುದಾದರೆ ಅದು ಅರ್ಥಾಪತ್ತಿಯಲ್ಲ, ಬರಿಯ ಊಹೆ. ವಂಶವನ್ನು ಶೋಧಿಸುವವನು ಈ ಎರಡು ಸೂಕ್ಷ್ಮಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ತೊಡಕು ಪರಿಹಾರವಾಗುವುದು. ಮಿಕ್ಕ ಅರ್ಧವು ಬುದ್ಧಿಗೆ ಸೇರಿದ್ದಲ್ಲ, ಮನಸ್ಸಿಗೆ ಸೇರಿದ್ದು.

ಇದಕ್ಕೆ ನನಗೆ ಪರಿಚಿತವಾದ ಒಂದು ಮನೆತನದ ಸಂಗತಿಯು ನಿದರ್ಶನವಾಗಿದೆ. ಆ ಮನೆಯ ವಂಶಾವಳಿಯು ಮನೆಯ ತರುಣನ ಮುತ್ತಜ್ಜನ ತಂದೆಯ ಹೆಸರಿಗೆ ನಿಂತಿದ್ದಿತು. ಆನೆಗೊಂದಿಯ ಕಡೆಯಿಂದ ಬಂದವರೆಂದೂ, ವಿಜಯನಗರದ ಮಂತ್ರಿಯೊಬ್ಬನ ಸಂತತಿಯೆಂದೂ ಮನೆಯಲ್ಲಿ ಮಾತಿದ್ದಿತು. ಹಿರಿಯರು ಅದನ್ನೇ ಅಚ್ಚು ಹಾಕಿಸಲು ನಿಶ್ಚಯಿಸಿದ್ದರು. ತರುಣನು ಮಾತ್ರ ಆ ಮಂತ್ರಿಗೂ ತಮ್ಮ ಮೂಲಪುರುಷನಿಗೂ ನಡುವೆ ಮುನ್ನೂರು ವರ್ಷಗಳ ಬರಿದಿದೆಯೆಂದು ಒಪ್ಪದೆ ಹುಡುಕಹೊರಟನು. ಪುರೋಹಿತರ ಮನೆಯ ಹಳೆಯ ಮಹಾಲಯದ ಪಟ್ಟಿಯಲ್ಲಿ, ಬಂಧುಗಳೆಲ್ಲರ ಹೆಸರುಗಳೂ ಮುಗಿದ ಮೇಲೆ, ಕೊನೆಯಲ್ಲಿ ಒಬ್ಬ ಹೆಂಗಸಿನ ಹೆಸರು ಇದ್ದಿತು. ಗೋತ್ರವಿಲ್ಲ, ಸಂಬಂಧವಿಲ್ಲ, ಪಕ್ಕದಲ್ಲಿ "ಅನ್ನವಿಟ್ಟವಳು" ಎಂದಷ್ಟೇ ಬರೆದಿದ್ದಿತು. ಆಕೆಯು ಯಾರೆಂಬುದು ಮನೆಯಲ್ಲಿ ಯಾರಿಗೂ ತಿಳಿಯದು. ಆದರೆ ಪ್ರತಿವರ್ಷವೂ ಆಕೆಯ ಹೆಸರಿನಲ್ಲಿ ಒಂದು ಪಿಂಡವು ತಪ್ಪದೆ ಸಲ್ಲುತ್ತಿದ್ದಿತು.

ಬಹಳ ದಿನಗಳ ತರುವಾಯ, ಕೆಲವು ಹರದಾರಿ ದೂರದ ಊರಿನ ಶಾನುಭೋಗರ ಮನೆಯ ಅಟ್ಟದಲ್ಲಿ ಒಂದು ಕಡತವು ದೊರೆಯಿತು. ಹಳೆಯ ಕೂಡುಬರಹವನ್ನು ಓದುವ ಅಭ್ಯಾಸವು ನನಗೆ ಸ್ವಲ್ಪ ಇರುವುದರಿಂದ ಅದನ್ನು ನನ್ನ ಬಳಿಗೆ ತಂದರು. ಅದರಲ್ಲಿ ಬಹುಧಾನ್ಯ ಸಂವತ್ಸರದ ಒಂದು ಲೆಕ್ಕದಲ್ಲಿ ಆ ಹೆಂಗಸಿನ ಹೆಸರಿಗೆ ಒಂದು ಸಣ್ಣ ಬೆದ್ದಲು ಹೊಲವೂ, ಅದರ ಜೊತೆಗೆ "ಸಾಕಿದ ಹುಡುಗ" ಎಂದು ಆ ಮನೆಯ ಮೂಲಪುರುಷನ ಹೆಸರೂ ಇದ್ದುವು. ತಿಥಿವಾರಗಳನ್ನು ಗಣಿಸಿ ನೋಡಲಾಗಿ ಅದು ೧೮೧೮ಕ್ಕೆ ಹೊಂದದೆ ೧೮೭೮ಕ್ಕೆ ಹೊಂದಿತು. ಎಂದರೆ ಈಶ್ವರ ಸಂವತ್ಸರದ ಮರುವರ್ಷ. ಬರದಲ್ಲಿ ತಬ್ಬಲಿಯಾದ ಹುಡುಗನೊಬ್ಬನನ್ನು ಆಕೆಯು ಸಾಕಿದಳೆಂಬುದು ಇದರಿಂದ ಬಹುಮಟ್ಟಿಗೆ ಸ್ಥಿರಪಟ್ಟಿತು. ಆಕೆಯ ಹೊಲವಿದ್ದ ಕೇರಿಯನ್ನು ನೋಡಿದರೆ ಆಕೆಯು ಬೇರೆ ಕುಲದವಳೆಂದು ತೋರುತ್ತಿದ್ದಿತು. ಹುಡುಗನು ಯಾರ ಮಗನೆಂಬುದು ಎಲ್ಲಿಯೂ ಇರಲಿಲ್ಲ. ಅವನು ಯಾವ ಕುಲದಲ್ಲಿ ಹುಟ್ಟಿದವನೆಂದು ಹೇಳುವುದಕ್ಕೂ ಆಧಾರವಿರಲಿಲ್ಲ. ಅರ್ಥಾಪತ್ತಿಯು ಅಲ್ಲಿಗೆ ಮುಗಿಯಿತು.

ಮನೆಯ ಯಜಮಾನರು ಈ ಸುದ್ದಿಯನ್ನು ಕೇಳಿ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, ಮಂತ್ರಿಯ ಹೆಸರನ್ನು ಬೇಕಾದರೆ ಬಿಡೋಣ, ಈ ಹೆಂಗಸಿನ ಹೆಸರು ಅಚ್ಚಿನಲ್ಲಿ ಬರುವುದು ಬೇಡ, ನಾಳೆ ಹೆಣ್ಣು ಕೊಡುವವರು ಏನೆಂದಾರು ಎಂದರು. ಅವರ ಮಾತಿನಲ್ಲಿ ಅಹಂಕಾರಕ್ಕಿಂತ ಭಯವೇ ಹೆಚ್ಚಾಗಿದ್ದಿತು. ಮನೆಯಲ್ಲಿ ಮದುವೆಗೆ ಬಂದ ಮಕ್ಕಳು ಇದ್ದರು. ಅಲ್ಲಿಯೇ ಕುಳಿತಿದ್ದ ಅವರ ತಂಗಿಯು, ಎಂಬತ್ತನ್ನು ಸಮೀಪಿಸಿದವರು, "ಅಲ್ಲ ಅಣ್ಣಯ್ಯ, ಪಿಂಡ ಇಡುವುದಕ್ಕೆ ಬೇಡವಾಗದ ಹೆಸರು ಬರೆಯುವುದಕ್ಕೆ ಬೇಡವಾಯಿತೆ?" ಎಂದು ಕೇಳಿದರು. ಯಜಮಾನರು ಉತ್ತರ ಹೇಳಲಿಲ್ಲ. ಆದರೆ ಕೆಲವು ತಿಂಗಳ ಮೇಲೆ ಅಚ್ಚಾಗಿ ಬಂದ ವೃಕ್ಷದಲ್ಲಿ ಮೂಲಪುರುಷನ ಮೇಲೆ ತಂದೆತಾಯಿಗಳ ಸ್ಥಳವು ಬರಿದಾಗಿ ಬಿಡಲ್ಪಟ್ಟಿದ್ದಿತು. ಅದರ ಪಕ್ಕದಲ್ಲಿ, ಸಾಕಿದವಳೆಂದು, ಆಕೆಯ ಹೆಸರು ಇದ್ದಿತು.

ಈಗ ಧರ್ಮದ ಪ್ರಶ್ನೆಗೆ ಬರೋಣ. ಇಲ್ಲಿ ಮೂರು ಪೂರ್ವಪಕ್ಷಗಳು ಹುಟ್ಟಬಹುದು.

ಬರಿದಾದ ಸ್ಥಳದಲ್ಲಿ ಒಬ್ಬ ಶ್ರೇಷ್ಠಪುರುಷನನ್ನು ಕೂರಿಸಿದರೆ ಹಾನಿಯೇನು, ಮಕ್ಕಳಿಗೆ ಅದರಿಂದ ಉತ್ಸಾಹವುಂಟಾಗುವುದಷ್ಟೆ ಎಂಬುದು ಮೊದಲನೆಯದು. ಅರಸರೂ ಹೀಗೆ ಮಾಡಲಿಲ್ಲವೆ? ಮಲೆನಾಡಿನ ನಾಯಕರಾಗಿ ತಲೆಯೆತ್ತಿದ ಹೊಯ್ಸಳರು ತಮ್ಮ ಶಾಸನಗಳಲ್ಲಿ ಯದುವಂಶದವರೆಂದು ಹೇಳಿಕೊಳ್ಳಲಿಲ್ಲವೆ? ಹೌದು, ಹೇಳಿಕೊಂಡರು. ಆದರೆ ಆಸ್ಥಾನಕವಿಯ ಪ್ರಶಸ್ತಿಯು ಅಲಂಕಾರವೆಂದು ಕೇಳಿದವರೆಲ್ಲರೂ ಬಲ್ಲರು. "ಮಲೆಪರೊಳ್ ಗಂಡ" ಎಂಬ ಬಿರುದನ್ನು ಅದೇ ಹೊಯ್ಸಳರು ಬಿಡಲೂ ಇಲ್ಲ. ಮನೆಯ ವಂಶಾವಳಿಯಾದರೋ ಮಕ್ಕಳ ಕೈಗೆ ಕೊಡುವ ಸಾಕ್ಷ್ಯ. ಅದರಲ್ಲಿ ಕಲ್ಪಿಸಿದ ಹೆಸರನ್ನು ಬರೆದರೆ ಬರಿಯ ಸುಳ್ಳೊಂದೇ ಅಲ್ಲ, ಕಳ್ಳತನವೂ ಆಗುವುದು. ಅನ್ಯರ ಹಿರಿಯನನ್ನು ನಾವು ತೆಗೆದುಕೊಂಡೆವು. ಅದಕ್ಕಿಂತ ಹೆಚ್ಚಾಗಿ, ಆ ಸ್ಥಳದಲ್ಲಿ ನಿಜವಾಗಿಯೂ ಇದ್ದ ನಮ್ಮ ಹಿರಿಯನನ್ನು ಹೊರಕ್ಕೆ ನೂಕಿದೆವು. ಬರಗಾಲದಲ್ಲಿ ಮಗುವನ್ನು ಎತ್ತಿಕೊಂಡು ನಡೆದು, ದಾರಿಯಲ್ಲಿ ಸತ್ತ ಯಾವನೋ ಒಬ್ಬ ತಂದೆಯು ಅಲ್ಲಿ ಇದ್ದನು. ಅವನಿಗೆ ಉಳಿದಿರುವುದು ಆ ಬರಿದಾದ ಸ್ಥಳವೊಂದೇ. ಅದನ್ನೂ ಮಂತ್ರಿಗೆ ಕೊಟ್ಟರೆ ಅವನಿಗೆ ಏನು ಉಳಿಯಿತು?

ಹಾಗಾದರೆ ಹುಡುಕುವುದೇ ವ್ಯರ್ಥ, ಮನುಷ್ಯನ ಯೋಗ್ಯತೆಯು ಅವನ ನಡತೆಯಲ್ಲಿದೆಯಲ್ಲದೆ ಹುಟ್ಟಿನಲ್ಲಿಲ್ಲವಷ್ಟೆ ಎಂಬುದು ಎರಡನೆಯ ಪಕ್ಷ. ಛಾಂದೋಗ್ಯದ ಸತ್ಯಕಾಮನ ಕಥೆಯು ಎಲ್ಲರಿಗೂ ತಿಳಿದುದೇ. ಗೋತ್ರವನ್ನು ಕೇಳಿದ ಗುರುವಿಗೆ ಆ ಹುಡುಗನು, ತನಗೆ ತಿಳಿಯದೆಂದೂ, ತಾಯಿಗೂ ತಿಳಿಯದೆಂದೂ, ತಾಯಿಯ ಹೆಸರು ಜಬಾಲೆಯೆಂದೂ ಇದ್ದುದನ್ನು ಇದ್ದಂತೆ ಹೇಳಿದನು. ಹಾರಿದ್ರುಮತ ಗೌತಮನು ಆ ಸತ್ಯವನ್ನೇ ಅರ್ಹತೆಯೆಂದು ಎಣಿಸಿ ಅವನನ್ನು ಶಿಷ್ಯನಾಗಿ ಸ್ವೀಕರಿಸಿದನು. ಈ ಕಥೆಯಿಂದ ವಂಶವನ್ನು ವಿಚಾರಿಸಬಾರದೆಂದು ಸಿದ್ಧವಾಗದು. ಸತ್ಯಕಾಮನು ತಾಯಿಯನ್ನು ಕೇಳಿದನು, ತಿಳಿದಷ್ಟನ್ನು ತಿಳಿದುಕೊಂಡನು, ತಿಳಿಯದುದನ್ನು ತಿಳಿಯದೆಂದನು, ತಿಳಿದಿದ್ದ ಒಂದು ಹೆಸರನ್ನು, ಹೆಂಗಸಿನದೆಂದು ಮುಚ್ಚಿಡದೆ, ಜಾಬಾಲನೆಂದು ಬಾಳಿನುದ್ದಕ್ಕೂ ಹೊತ್ತನು. ವಂಶವನ್ನು ಶೋಧಿಸುವವನಿಗೆ ಇದಕ್ಕಿಂತ ಒಳ್ಳೆಯ ಮಾದರಿಯಿಲ್ಲ. ಹುಡುಕುವುದು ಹೆಮ್ಮೆಗಾಗಿ ಅಲ್ಲ, ಋಣಕ್ಕಾಗಿ. ನಮಗೆ ಸಾಲ ಕೊಟ್ಟವನ ಹೆಸರು ಮರೆತುಹೋಯಿತೆಂದು ಸಾಲವು ತೀರುವುದಿಲ್ಲ. ಅವನನ್ನು ಹುಡುಕುವ ಭಾರವು ಇನ್ನೂ ಹೆಚ್ಚುವುದು.

ಹಿರಿಯರು ಮುಚ್ಚಿಟ್ಟುದನ್ನು ನಾವು ತೆರೆಯಬಹುದೇ ಎಂಬುದು ಮೂರನೆಯ ಪಕ್ಷ. ಇದು ಮೂರರಲ್ಲಿಯೂ ಕಠಿನವಾದುದು. ಈಗ ಎಂಜಲಿನಿಂದ ರಕ್ತಸಂಬಂಧವನ್ನು ತಿಳಿಸುವ ಡಿ.ಎನ್.ಎ. ಪರೀಕ್ಷೆಗಳು ಬಂದಿರುವುದರಿಂದ, ಯಾರೂ ಕೇಳದ ಪ್ರಶ್ನೆಗೂ ಉತ್ತರವು ಬಂದು ಬಾಗಿಲಲ್ಲಿ ನಿಲ್ಲುವ ಕಾಲವಾಗಿದೆ. ಆ ಪರೀಕ್ಷೆಯು ಸಂಬಂಧವುಂಟೆಂದು ಹೇಳಬಲ್ಲುದು. ಅದು ಹೇಗೆ ಉಂಟಾಯಿತೆಂಬುದನ್ನು, ಯಾರ ಸಂಕಟದಿಂದ, ಯಾರ ಕರುಣೆಯಿಂದ ಉಂಟಾಯಿತೆಂಬುದನ್ನು ಹೇಳಲಾರದು. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಮೌನಕ್ಕೂ ಸುಳ್ಳಿಗೂ ಇರುವ ಭೇದವನ್ನು ಮರೆಯಬಾರದು. ಬದುಕಿರುವವರ ಮನಸ್ಸನ್ನು ನೋಯಿಸುವ ಸಂಗತಿಯನ್ನು ಊರಿಗೆಲ್ಲ ಸಾರಬೇಕಾದುದಿಲ್ಲ. ಅಪ್ರಿಯವಾದ ಸತ್ಯವನ್ನು ಆಡುವುದಕ್ಕೆ ಸಮಯವೂ ಪಾತ್ರವೂ ಬೇಕೆಂದು ಹಿರಿಯರು ಹೇಳಿದ್ದಾರೆ. ಸ್ಥಳವನ್ನು ಬರಿದಾಗಿ ಬಿಡಬಹುದು, ಮನೆಯ ಪ್ರತಿಯಲ್ಲಿ ಮಾತ್ರ ಬರೆದಿಡಬಹುದು, ಒಂದು ತಲೆಮಾರು ಕಾಯಬಹುದು. ಆದರೆ ಇದ್ದುದಕ್ಕೆ ವಿರುದ್ಧವಾದುದನ್ನು ಬರೆಯಕೂಡದು. ಬರಿದಾದ ಸ್ಥಳವನ್ನು ಮುಂದಿನವನು ತುಂಬಬಲ್ಲನು. ಸುಳ್ಳು ತುಂಬಿದ ಸ್ಥಳವನ್ನು ಅವನು ಹುಡುಕಲೂ ಹೋಗನು.

ಇದುವರೆಗೆ ಹೇಳಿದುದೆಲ್ಲವೂ ಒಂದಲ್ಲ ಒಂದು ವಿಧದಲ್ಲಿ ಬರೆಯಲ್ಪಟ್ಟವರ ವಿಷಯ. ಹೆಸರನ್ನು ಎಂದಿಗೂ ಬರೆಯಿಸಿಕೊಳ್ಳದವರ ಗತಿಯೇನು? ಶಾಸನವು ಭೂಮಿಯನ್ನು ದಾನ ಮಾಡಿದವನ ಹೆಸರನ್ನೂ ಪಡೆದವನ ಹೆಸರನ್ನೂ ಹೇಳುವುದು. ಉತ್ತವನ ಹೆಸರನ್ನು ಸಾಮಾನ್ಯವಾಗಿ ಹೇಳದು. ತುರುಗಳನ್ನು ಕಾಯುತ್ತ ಮಡಿದವನ ಹೆಸರನ್ನು ವೀರಗಲ್ಲು ಕೆಲವು ಸಲ ಉಳಿಸಿದೆ. ಹೆಸರಿಲ್ಲದ ಮಾಸ್ತಿಕಲ್ಲುಗಳಾದರೋ ಬೇಲಿಗಳ ಮಗ್ಗುಲಲ್ಲಿ ಎಷ್ಟೋ ನಿಂತಿವೆ. ಜೀತದಲ್ಲಿ ಹುಟ್ಟಿ ಜೀತದಲ್ಲಿ ಸತ್ತವರ ಮೊಮ್ಮಕ್ಕಳು ಇಂದು ವಿದ್ಯಾವಂತರಾಗಿ ತಮ್ಮ ಹಿರಿಯರನ್ನು ಹುಡುಕಹೊರಟರೆ, ಎರಡನೆಯ ಅಥವಾ ಮೂರನೆಯ ತಲೆಗೇ ಅವರ ಎಳೆಯು ಕಡಿಯುವುದು. ಅವರದು ಮರೆತುದರಿಂದ ಆದ ನಷ್ಟವಲ್ಲ. ಲೇಖನಿಯನ್ನು ಹಿಡಿದಿದ್ದವರು ಬರೆಯದೆ ಬಿಟ್ಟುದರಿಂದ ಆದ ನಷ್ಟ.

ಇಲ್ಲಿ ನಮ್ಮಂತಹ ಮನೆಗಳಿಗೆ ಒಂದು ಕರ್ತವ್ಯವಿದೆಯೆಂದು ನನಗೆ ತೋರುತ್ತದೆ. ಅಟ್ಟದ ಮೇಲಿರುವ ಕಡತ, ದಿನಚರಿ, ಕಾಳಿನ ಲೆಕ್ಕ, ಸಾಲದ ಪತ್ರಗಳು ನಮ್ಮ ಹಿರಿಯರ ಕೈಬರಹವೆಂದು ನಾವು ಕಾಪಾಡಿಕೊಂಡಿರುವೆವು. ಆದರೆ ಅವುಗಳಲ್ಲಿ ನಮ್ಮವರ ಹೆಸರುಗಳಿಗಿಂತ ಅನ್ಯರ ಹೆಸರುಗಳೇ ಹೆಚ್ಚು. ಇಂಥವನಿಗೆ ಇಷ್ಟು ಕೊಳಗ ರಾಗಿ, ಇಂಥವಳಿಗೆ ಕಳೆ ಕಿತ್ತ ಕೂಲಿ, ಇಂಥವನ ಮಗನ ಮದುವೆಗೆ ಇಷ್ಟು ಸಾಲ ಎಂದು ಬರೆದ ಒಂದೊಂದು ಪಂಕ್ತಿಯೂ ಬೇರೊಂದು ಮನೆಯ ವಂಶಾವಳಿಯ ಒಂದೊಂದು ಹೆಸರು. ಆ ಮನೆಯವರಿಗೆ ಅದು ಇನ್ನೆಲ್ಲಿಯೂ ದೊರೆಯದು. ಅವುಗಳನ್ನು ಕಟ್ಟಿ ಮೂಲೆಯಲ್ಲಿಟ್ಟರೆ, ಅನ್ಯರ ಪಿತೃಗಳನ್ನು ನಮ್ಮ ಅಟ್ಟದಲ್ಲಿ ಬಂಧಿಸಿಟ್ಟಂತೆ. ತಮ್ಮ ಎಳೆಯು ಕಡಿದುಹೋಯಿತೆಂದು ಕೊರಗುವವರು, ಅನ್ಯರ ಎಳೆಯೊಂದು ತಮ್ಮ ಕೈಯಲ್ಲಿದೆಯೇ ಎಂಬುದನ್ನು ಮೊದಲು ನೋಡತಕ್ಕದ್ದು. ಮೇಲೆ ಹೇಳಿದ ಮನೆಯವರಿಗೆ ತಮ್ಮ ಮೂಲವು ತಿಳಿದುದೂ, ಸಂಬಂಧವಿಲ್ಲದ ಶಾನುಭೋಗರ ಮನೆಯವರು ಅಟ್ಟವನ್ನು ಹತ್ತಲು ಒಪ್ಪಿದುದರಿಂದಲ್ಲವೆ?

ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆಯು ಇಷ್ಟು. ವಂಶಾವಳಿಯನ್ನು ಬರೆಯುವಾಗ ಕಂಡುದನ್ನು ಒಂದು ಗುರುತಿನಿಂದಲೂ, ಊಹಿಸಿದುದನ್ನು ಇನ್ನೊಂದು ಗುರುತಿನಿಂದಲೂ ಬೇರೆ ಮಾಡಿ ಬರೆಯಿರಿ. ಪ್ರತಿಯೊಂದು ಹೆಸರಿನ ಕೆಳಗೆ ಅದು ಯಾರಿಂದ, ಯಾವ ಪತ್ರದಿಂದ ದೊರೆಯಿತೆಂಬುದನ್ನು ಸೂಚಿಸಿರಿ. ಹೆಂಗಸರ ಹೆಸರನ್ನೂ ಅವರ ತವರೂರನ್ನೂ ಬಿಡಬೇಡಿರಿ. ತಿಳಿಯದ ಸ್ಥಳವನ್ನು ಬರಿದಾಗಿಯೇ ಬಿಡಿರಿ. ಮನೆಯಲ್ಲಿ ಹಳೆಯ ಲೆಕ್ಕಗಳಿದ್ದರೆ ಅವುಗಳನ್ನು ನಕಲು ಮಾಡಿಸಿ, ಕೇಳಿದವರಿಗೆ, ಅವರು ಯಾವ ಕೇರಿಯವರಾದರೂ, ತೋರಿಸಿರಿ. ಓದಲು ಬಾರದ ಬರಹವಿದ್ದರೆ ಓದಿಕೊಡುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಇನ್ನೂ ಕೆಲವು ಮುದುಕರು ಉಳಿದಿರುವೆವು, ಬಹುಕಾಲ ಉಳಿಯುವವರಲ್ಲ.

ಕೊನೆಯದಾಗಿ ಒಂದು ಮಾತು. ಹೆಸರು ತಿಳಿಯದ ಪಿತೃಗಳಿಗೆ ಪಿಂಡವನ್ನಿಡುವುದು ಹೇಗೆಂಬ ಪ್ರಶ್ನೆಯನ್ನು ಗೃಹ್ಯಸೂತ್ರಕಾರರೇ ಎತ್ತಿಕೊಂಡಿದ್ದಾರೆ. ಹೆಸರು ಅರಿಯದವನು ತಂದೆಯನ್ನು ಭೂಮಿಯಲ್ಲಿರುವವನೆಂದೂ, ಅಜ್ಜನನ್ನು ಅಂತರಿಕ್ಷದಲ್ಲಿರುವವನೆಂದೂ, ಮುತ್ತಜ್ಜನನ್ನು ಸ್ವರ್ಗದಲ್ಲಿರುವವನೆಂದೂ ಸ್ಮರಿಸಿ ಅರ್ಪಿಸಬೇಕೆಂದು ಗೋಭಿಲನು ವಿಧಿಸುವನು. ಗೋತ್ರವನ್ನು ಅರಿಯದವರಿಗೆ ಕಾಶ್ಯಪಗೋತ್ರವನ್ನು ಹೇಳುವ ಸಂಪ್ರದಾಯವೂ ಇದೆ. ಹೆಸರು ತಿಳಿಯದೆಂಬ ಕಾರಣದಿಂದ ಕರ್ಮವನ್ನು ಬಿಡು ಎಂದು ಶಾಸ್ತ್ರವು ಹೇಳಲಿಲ್ಲ. ಒಂದು ಹೆಸರನ್ನು ಕಲ್ಪಿಸಿಕೋ ಎಂದೂ ಹೇಳಲಿಲ್ಲ. ತಿಳಿಯದೆಂದು ಒಪ್ಪಿಕೊಂಡು, ಸಲ್ಲಬೇಕಾದುದನ್ನು ಸಲ್ಲಿಸು ಎಂದಿತು. ವಂಶಾವಳಿಯಲ್ಲಿ ಎಳೆಯು ಕಡಿದ ಸ್ಥಳಕ್ಕೆ ಬಂದು ನಿಂತವನೂ ಮಾಡತಕ್ಕದ್ದು ಅಷ್ಟೇ ಎಂದು ನಾನು ತಿಳಿದಿದ್ದೇನೆ.